ಎಡಗೈಯ ಹನ್ನೊಂದು

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಅವಳು ಮಾಡುವ ಮೊದಲ ಕೆಲಸ, ಬಚ್ಚಲಿನ ಬಕೆಟ್ಟಿಗೆ ಕಂಠದವರೆಗೆ ನೀರು ತುಂಬಿಸಿ ಎಡಗೈಯಲ್ಲಿ ಎತ್ತಿ ಹಿಡಿಯುವುದು. ಹಿಡಿದುಕೊಂಡೇ ಕಣ್ಣು ಮುಚ್ಚಿ, ತಾಯಿ ಕಲಿಸಿದ ಪ್ರಾರ್ಥನೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸುವುದು. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ದೇವರಿಗೆ ನಾಲ್ಕು ಮಾತು ಹೇಳಿದಂತೆಯೂ ಆಯಿತು, ಕೈ ಹೇಗಿದೆ ಎಂದು ನೋಡಿಕೊಂಡಂತೆಯೂ ಆಯಿತು.

ಎಂಟು ಸಾಲಿನ ಪ್ರಾರ್ಥನೆ. ಮೊದಲೆಲ್ಲ ಎಂಟೂ ಮುಗಿದ ಮೇಲೂ ಬಕೆಟ್ ಅಲ್ಲಾಡುತ್ತಿರಲಿಲ್ಲ. ಈ ವರ್ಷ ಐದನೆಯ ಸಾಲಿಗೇ ಬೆರಳುಗಳು ಸಡಿಲವಾಗುತ್ತವೆ, ನೀರು ಪಾದದ ಮೇಲೆ ತುಳುಕುತ್ತದೆ. ಬಕೆಟ್ಟನ್ನು ಕೆಳಗಿಟ್ಟು ಉಳಿದ ಮೂರು ಸಾಲನ್ನು ಬರಿಗೈಯಲ್ಲಿ ಹೇಳುತ್ತಾಳೆ. ಆ ಮೂರು ಸಾಲು ಹೇಳುವಾಗ ಏನೋ ಸಂಕೋಚ, ಕೊಡುತ್ತೇನೆಂದದ್ದನ್ನು ಪೂರ್ತಿ ಕೊಡಲಾಗದವಳಂತೆ.

ಅವಳು ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನ ಆಯಾ. ಇಪ್ಪತ್ತಾರು ವರ್ಷದಿಂದ ಅದೇ ವಾರ್ಡು. ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಅವಳು ಕ್ರೇನಕ್ಕ. ಇಬ್ಬರು ಗಂಡಾಳು ಸೇರಿ ಏಳಿಸಲಾಗದವರನ್ನು ಇವಳೊಬ್ಬಳೇ ಕುರ್ಚಿಗೆ ಕೂರಿಸಿದ್ದಕ್ಕೆ ಯಾರೋ ಇಟ್ಟ ಹೆಸರು. ಕೇಳಿದಾಗಲೆಲ್ಲ ಹುಸಿಮುನಿಸು ತೋರಿಸುತ್ತಾಳೆ, ಒಳಗೊಳಗೇ ಹಿಗ್ಗುತ್ತಾಳೆ.

ಹೊಸ ರೋಗಿ ಬಂದರೆ ಅವಳದೊಂದು ಪದ್ಧತಿ ಇತ್ತು. ಹಾಸಿಗೆಯ ಪಕ್ಕ ನಿಂತು ತನ್ನ ಎರಡೂ ಕೈ ಚಾಚುವಳು. “ಹಿಡೀರಿ. ಗಟ್ಟಿಯಾಗಿ. ನಿಮಗಾಗದವರ ಕೈ ಅಂದ್ಕೊಳ್ಳಿ.” ಆಮೇಲೆ ಅವರ ಅಂಗಾಲಿಗೆ ಅಂಗೈ ಒತ್ತಿ, “ತಳ್ಳಿ ನನ್ನ” ಎನ್ನುವಳು. ಯಾವ ಕೈಯಲ್ಲಿ ಕಸುವಿದೆ, ಯಾವ ಹಿಮ್ಮಡಿ ಇನ್ನೂ ನೆಲ ಒತ್ತಬಲ್ಲದು, ಉಸಿರು ಎಲ್ಲಿ ಕಟ್ಟುತ್ತದೆ, ಎಲ್ಲವೂ ಅಷ್ಟರಲ್ಲೇ ತಿಳಿಯುತ್ತಿತ್ತು. ಅದಾದ ಮೇಲೆ ಸ್ಟೂಲ್ ಎಳೆದುಕೊಂಡು ಕೂತು ಮಾತಿಗೆಳೆಯುವಳು. ಮನೆಯಲ್ಲಿ ಯಾರಿದ್ದಾರೆ, ಯಾರ ಮೇಲೆ ಸಿಟ್ಟು, ಗುಣವಾದ ಮೇಲೆ ಮೊದಲು ಮಾಡುವ ಕೆಲಸ ಯಾವುದು. ಒಬ್ಬರದು ಹಟದ ಬಲ, ಇನ್ನೊಬ್ಬರದು ನಗುವ ಬಲ, ಮತ್ತೊಬ್ಬರಿಗೆ ಸೊಸೆಯ ಎದುರು ಸೋಲಬಾರದು ಎಂಬುದೇ ಬಲ. ತೊಡೆಯ ಮೂಳೆ ಮುರಿದುಕೊಂಡ ಒಬ್ಬ ಹೊಲಿಗೆಯಮ್ಮ ವಾರಗಟ್ಟಲೆ ನಿಲ್ಲಲೊಲ್ಲದೆ ಅಳುತ್ತಿದ್ದಳು. ಕ್ರೇನಕ್ಕ ಅವಳ ಒಳ್ಳೆಯ ಕಾಲನ್ನು ಮುಟ್ಟಿ ನೋಡಿ, “ಅಯ್ಯೋ ತಾಯಿ, ಮೂವತ್ತು ವರ್ಷ ಮಿಷನ್ ತುಳಿದ ಕಾಲು ಇದು. ಇದರ ಮೇಲೆ ಮನೆ ಕಟ್ಟಬಹುದು. ನೀವು ಅಳ್ತಾ ಕೂತಿದೀರಲ್ಲ!” ಎಂದಳು. ಆ ಸಂಜೆಯೇ ಹೊಲಿಗೆಯಮ್ಮ ಎದ್ದು ನಿಂತಿದ್ದಳು.

ಈ ವಿದ್ಯೆಯನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಹದಿನಾರಕ್ಕೆ ಕಾಲಿಟ್ಟಾಗ ತಾಯಿಗೆ ಪಾರ್ಶ್ವವಾಯು ಬಡಿದು ಬಲಭಾಗ ಪೂರ್ತಿ ಬಿದ್ದುಹೋಯಿತು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದ. ತಮ್ಮ ಚಿಕ್ಕವನು. ಹನ್ನೊಂದು ವರ್ಷ ತಾಯಿಯನ್ನು ಏಳಿಸಿದಳು, ಕೂರಿಸಿದಳು, ಮೀಯಿಸಿದಳು. ಬಂದ ನೆಂಟರೆಲ್ಲ ಅವಳ ತೋಳು ನೋಡಿ, “ನೀನು ಬಿಡಮ್ಮಾ, ಗಟ್ಟಿಗಿತ್ತಿ” ಎಂದು ಹರಸಿ ಹೋದರು. ಹೆಣ್ಣು ನೋಡಲು ಬಂದ ಒಬ್ಬನೂ ಹಾಗೆಯೇ ಹೇಳಿ ಹೋದ. ಗಟ್ಟಿಗಿತ್ತಿ ಅನ್ನಿಸಿಕೊಂಡವಳನ್ನು ನಿನಗೇನು ಬೇಕು ಎಂದು ಕೇಳಲು ಯಾರಿಗೂ ತೋಚಲಿಲ್ಲ.

ಈಗ ಅವಳದು ಕನ್ನಡಕದಂಗಡಿಯ ಮೇಲಿನ ಒಂದೇ ಕೋಣೆ. ಒಂದು ಮಂಚ, ಒಂದು ಕುರ್ಚಿ, ಬೀದಿಗೆ ತೆರೆಯುವ ಒಂದು ಕಿಟಕಿ. ಹಗಲೆಲ್ಲ ಹತ್ತಾರು ಜನರ ತೋಳು ಅವಳ ಕುತ್ತಿಗೆಯ ಸುತ್ತ ಇರುತ್ತಿತ್ತು. ಏಳುವಾಗ ಎಲ್ಲರೂ ಅವಳನ್ನೇ ತಬ್ಬಿ ಏಳಬೇಕಲ್ಲ. ಸಂಜೆ ಮೆಟ್ಟಿಲು ಹತ್ತಿ ಬಂದರೆ ಕೈಗೆ ತಾಗುವುದು ಬೀಗ ಮಾತ್ರ. ಭಾನುವಾರದ ರಜೆ ಅವಳಿಗೆ ಆಗಿಬರುತ್ತಿರಲಿಲ್ಲ. ಏನಾದರೊಂದು ನೆಪ ಮಾಡಿಕೊಂಡು ವಾರ್ಡಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದಳು.

ಅಂಥವಳ ಎದೆ ಧಸಕ್ಕೆಂದದ್ದು ಆ ನೋಟೀಸು ಓದಿದ ದಿನ. ಒಂದೇ ವರ್ಷದಲ್ಲಿ ಇಬ್ಬರು ಆಯಾಗಳು ಸೊಂಟ ಮುರಿದುಕೊಂಡಿದ್ದರು. ಅದಕ್ಕೇ ಇನ್ನು ಮುಂದೆ ರೋಗಿಗಳನ್ನು ಎತ್ತುವವರಿಗೆಲ್ಲ ಬಲದ ಪರೀಕ್ಷೆ. ಎರಡೂ ಕೈಯ ಹಿಡಿತ ಹದಿನೆಂಟು ಕಿಲೋ ಬರಬೇಕು, ಇಪ್ಪತ್ತು ಕಿಲೋ ಮರಳುಚೀಲವನ್ನು ನೆಲದಿಂದ ಮೇಜಿಗೆ ಇಡಬೇಕು. ಆಗದವರಿಗೆ ಕೆಲಸ ಹೋಗುವುದಿಲ್ಲ, ನೆಲಮಾಳಿಗೆಯ ಬಟ್ಟೆ ಕೋಣೆಗೆ ವರ್ಗ. ಒಗೆದು ಬಂದ ಹಾಸು ಹೊದಿಕೆ ಮಡಿಸಿ ಅಟ್ಟಿ ಕಟ್ಟುವ ಕೆಲಸ. ಅಲ್ಲಿ ಒಬ್ಬರೇ. ಮೇಲಿನಿಂದ ಬಟ್ಟೆ ಗಂಟು ಜಾರುಕೊಳವೆಯಲ್ಲಿ ಬೀಳುತ್ತದೆ, ಮಡಿಸಿದ್ದು ಲಿಫ್ಟಿನಲ್ಲಿ ಹೋಗುತ್ತದೆ. ಮನುಷ್ಯರ ಮುಖ ಕಾಣುವುದು ಊಟದ ಹೊತ್ತಿಗೇ.

ಅವಳು ತಮ್ಮನಿಗೆ ಫೋನು ಮಾಡಿದಳು. ಅವನ ಮನೆ ಅದೇ ಊರಿನ ಇನ್ನೊಂದು ತುದಿ.

“ಪರೀಕ್ಷೆ ಇಟ್ಟಿದಾರಂತೆ ಕಣೋ. ನಂಗ್ಯಾಕೋ ಎಡಗೈ...”

“ನಿಂಗೇನಕ್ಕಾ ಪರೀಕ್ಷೆ! ನೀನು ಕೈ ಕುಲುಕಿದ್ರೆ ಅವರ ಯಂತ್ರಾನೇ ಮುರಿದು ಹೋಗುತ್ತೆ. ಇರು, ನಿನ್ನ ನಾದಿನಿ ಮಾತಾಡ್ತಾಳಂತೆ.”

ತಮ್ಮನ ಹೆಂಡತಿ ಮಗಳ ಅಂಕಗಳ ಬಗ್ಗೆ, ಸೋರುವ ನಲ್ಲಿಯ ಬಗ್ಗೆ ಹೇಳಿದಳು. ಕೇಳುವುದು ಅವಳಿಗೆ ಅಭ್ಯಾಸ, ಕೇಳಿದಳು. ಕಡೆಗೆ, “ಎಡಗೈ ಅಂದ್ರಂತೆ, ಏನಾಯ್ತು ಅತ್ತಿಗೆ?” ಎಂಬ ಪ್ರಶ್ನೆಯೂ ಬಂತು. ಅಷ್ಟು ಹೊತ್ತಿಗೆ ಹೇಳುವ ಆಸೆ ಆರಿಹೋಗಿತ್ತು. “ಏನಿಲ್ಲಮ್ಮಾ, ಉಳುಕಿರಬೇಕು” ಎಂದು ಫೋನಿಟ್ಟಳು.

ಪರೀಕ್ಷೆಗೆ ಎರಡು ದಿನ ಉಳಿದಿದ್ದಾಗ ಆದ ಇನ್ನೊಂದು ಸಂಗತಿ ಯಾರಿಗೂ ತಿಳಿಯಲಿಲ್ಲ. ಒಂಬತ್ತನೆಯ ಹಾಸಿಗೆಯಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು. ಸೊಂಟದ ಮೂಳೆ ಬದಲಾಯಿಸಿದ್ದರು. ಬಾಯಿ ಮಾತ್ರ ಟಾಪ್ ಗೇರಿನಲ್ಲೇ ಓಡುತ್ತಿತ್ತು.

“ಬಂದ್ಲಪ್ಪಾ ಕ್ರೇನು! ಹಾರನ್ ಹೊಡೀದೆ ಬರ್ತೀಯಲ್ಲ ತಂಗಿ.”

“ನೀವು ಬ್ರೇಕ್ ಬಿಡಿ ಮೊದಲು. ಎಡಗೈ ನನ್ನ ಹೆಗಲಿಗೆ ಹಾಕಿ. ಮೂರು ಅಂದಾಗ ಏಳಬೇಕು.”

“ಸೀಟಿ ಹೊಡೆದ್ರೆ ಮಾತ್ರ ಗಾಡಿ ಹೊರಡೋದು.”

ಒಂದು, ಎರಡು, ಮೂರು. ಎದ್ದರು. ಅರ್ಧಕ್ಕೆ ಬಂದಾಗ, ಅವರ ಬೆನ್ನ ಹಿಂದೆ ಇದ್ದ ಅವಳ ಎಡಗೈ ಇದ್ದಕ್ಕಿದ್ದಂತೆ ಬಿಟ್ಟಿತು. ನೋವಿಲ್ಲ, ಮುನ್ಸೂಚನೆಯಿಲ್ಲ, ಬೆರಳುಗಳು ತನ್ನವೇ ಅಲ್ಲ ಎಂಬಂತೆ ಬಿಚ್ಚಿಕೊಂಡವು. ಮುದುಕರು ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಹಾಸಿಗೆಗೆ ಕುಕ್ಕರಿಸಿದರು. ಹೊಲಿಗೆ ಹಾಕಿದ ಸೊಂಟ. ಬಿದ್ದಿದ್ದರೆ ಮತ್ತೆ ಏಳುತ್ತಿರಲಿಲ್ಲ.

ಅವಳ ಹಣೆಯಲ್ಲಿ ಬೆವರು. ಅವರು ಸುತ್ತ ಒಮ್ಮೆ ಕಣ್ಣಾಡಿಸಿ ಮೆಲ್ಲಗೆ ಹೇಳಿದರು:

“ಯಾರೂ ನೋಡಲಿಲ್ಲ ತಂಗಿ. ನಾನೂ ನೋಡಲಿಲ್ಲ.”

ಆ ದಿನ ಸಂಜೆ ಅವಳು ಕಿಟಕಿಯ ಪಕ್ಕ ಕೂತು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಎಷ್ಟು ಜನರ ಕೈಯನ್ನು ಹೀಗೆ ನೋಡಿದ್ದಾಳೆ! ಇದು ಬೇರೆಯವರ ಕೈಯಾಗಿದ್ದರೆ ಒಂದೇ ಗಳಿಗೆಯಲ್ಲಿ ಹೇಳಿಬಿಡುತ್ತಿದ್ದಳು. ತನ್ನದಕ್ಕೆ ಮಾತ್ರ, ಸುಸ್ತಿರಬೇಕು, ಚಳಿಗಿರಬೇಕು, ಮಲಗಿದ ಭಂಗಿ ಸರಿಯಿರಲಿಲ್ಲವೇನೋ, ಹೀಗೆ ಒಂದು ವರ್ಷದಿಂದ ನೆಪ ಹುಡುಕುತ್ತ ಬಂದಿದ್ದಳು. ಕೆಳಗೆ ಕನ್ನಡಕದಂಗಡಿಯವನು ಬಾಗಿಲು ಎಳೆದುಕೊಂಡು ಹೋದ. ದೇವರೇ, ವಾರ್ಡ್ ಒಂದನ್ನು ಬಿಡಿಸಬೇಡ, ಬೇರೇನೂ ಕೇಳುವುದಿಲ್ಲ ಎಂದಳು. ಹೇಳಿದ ಮೇಲೆ ಒಂಬತ್ತನೆಯ ಹಾಸಿಗೆ ನೆನಪಾಗಿ, ಪ್ರಾರ್ಥನೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕೂತಳು.

ಪರೀಕ್ಷೆ ನಡೆದದ್ದು ವ್ಯಾಯಾಮದ ಹಾಲಿನಲ್ಲಿ. ನಡೆಸುತ್ತಿದ್ದವಳು ಹೊಸದಾಗಿ ಬಂದ ಫಿಸಿಯೋ ಹುಡುಗಿ. ಆಯಾಗಳೆಲ್ಲ ಗೋಡೆಗೊರಗಿ ಸಾಲಾಗಿ ನಿಂತಿದ್ದರು.

“ಕ್ರೇನಕ್ಕ ಮೊದಲು ಹೋಗ್ಲಿ. ಯಂತ್ರ ಹಾಳಾದ್ರೆ ನಮಗೆಲ್ಲ ರಜೆ!”

“ಸುಮ್ನಿರ್ರೇ. ನಿಮ್ಮ ಸರದಿ ಬಂದಾಗ ಗೊತ್ತಾಗುತ್ತೆ” ಎಂದು ನಗುತ್ತಲೇ ಮುಂದೆ ಬಂದಳು.

ಹಿಡಿತದ ಯಂತ್ರ ಇಕ್ಕಳದಂತಿತ್ತು. ಬಲಗೈಯಲ್ಲಿ ಒತ್ತಿದಾಗ ಮುಳ್ಳು ಇಪ್ಪತ್ತಾರಕ್ಕೆ ಹಾರಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಎಡಗೈಗೆ ತೆಗೆದುಕೊಂಡಾಗ ಬೆನ್ನು ಅವರ ಕಡೆಗೆ ಬರುವಂತೆ ತಿರುಗಿ ನಿಂತಳು. ಹಲ್ಲು ಕಚ್ಚಿ ಒತ್ತಿದಳು. ಹನ್ನೊಂದು. ಹುಡುಗಿ, “ಇನ್ನೊಂದ್ಸಲ ಅಕ್ಕಾ” ಎಂದಳು. ಮತ್ತೆ ಹನ್ನೊಂದು. ಹುಡುಗಿ ಪೆನ್ನನ್ನು ಎತ್ತಿದವಳು ಬರೆಯಲಿಲ್ಲ.

“ಚೀಲ ಎತ್ತಿ, ಆಮೇಲೆ ನೋಡೋಣ.”

ಮರಳುಚೀಲ ನೆಲದ ಮೇಲೆ ಮಲಗಿತ್ತು. ಕ್ರೇನಕ್ಕ ಮಂಡಿಯೂರಿದಳು. ಬಲತೋಳನ್ನು ಒಂದು ತುದಿಗೆ, ಎಡತೋಳನ್ನು ಇನ್ನೊಂದು ತುದಿಗೆ ತೂರಿಸಿ, ಚೀಲವನ್ನು ಎದೆಗೆ ಆನಿಸಿಕೊಂಡಳು. ಇಪ್ಪತ್ತಾರು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿತು: “ಹೂಂ, ಮೂರು ಅಂದಾಗ ನೀವೂ ಏಳಿ. ಒಂದು... ಎರಡು...”

ಹಾಲಿನಲ್ಲಿ ನಗೆ ಚಿಮ್ಮಿತು. “ಅಕ್ಕಾ, ಚೀಲಕ್ಕೆ ಕಿವಿ ಕೇಳ್ಸಲ್ಲ!” ಅವಳಿಗೂ ನಗು ಬಂತು. “ಮೂರು” ಎಂದು ಏಳಹೋದಳು.

ಚೀಲ ಏಳಲಿಲ್ಲ. ಮೂರು ಎಂದ ಕೂಡಲೇ ಎದೆಗೆ ಬರಬೇಕಾಗಿದ್ದ ಆ ಸಣ್ಣ ನೂಕು ಬರಲಿಲ್ಲ. ನೆಲ ಒತ್ತುವ ಹಿಮ್ಮಡಿಯಿಲ್ಲ, ಕುತ್ತಿಗೆಗೆ ಜೋತುಬೀಳುವ ತೋಳಿಲ್ಲ, ಬಿಗಿಹಿಡಿದ ಉಸಿರಿಲ್ಲ. ಮರಳು ಎಡಕ್ಕೆ ಜರಿದು, ಅವಳ ಬೆರಳುಗಳನ್ನು ಬಿಡಿಸಿಕೊಂಡು, ದೊಪ್ಪನೆ ನೆಲಕ್ಕೆ ಬಿತ್ತು.

ನಗೆ ನಿಂತಿತು. ಅವಳು ಮಂಡಿಯೂರಿದಲ್ಲೇ ಇದ್ದಳು. ಎಂಥ ದಡ್ಡಿ ನಾನು ಎನ್ನಿಸಿತು. ಇಷ್ಟು ವರ್ಷ ಎತ್ತಿದೆ ಎತ್ತಿದೆ ಅಂದುಕೊಂಡದ್ದೆಲ್ಲ, ಅವರೂ ಎದ್ದದ್ದು. ಪ್ರತಿಯೊಬ್ಬರಲ್ಲಿ ಉಳಿದಿದ್ದ ಅಷ್ಟಿಷ್ಟನ್ನು ಹುಡುಕಿ ತೆಗೆದು ಅದಕ್ಕೆ ತನ್ನದನ್ನು ಸೇರಿಸಿದ್ದಳು, ಅಷ್ಟೇ. ತಾಯಿ ಕೊನೆಯ ವಾರ ಒಮ್ಮೆಲೇ ಭಾರವಾಗಿಬಿಟ್ಟಿದ್ದಳು. ಊಟವಿಲ್ಲದೆ ಕಡ್ಡಿಯಾದವಳು ಯಾಕೆ ಹೀಗೆ ಭಾರ ಎಂದು ಆಗ ಅರ್ಥವಾಗಿರಲಿಲ್ಲ. ಹನ್ನೊಂದು ವರ್ಷ ಅಮ್ಮನೂ ಪ್ರತಿ ಬೆಳಿಗ್ಗೆ ಏಳುತ್ತಿದ್ದಳು. ಆ ವಾರ ಏಳುವುದನ್ನು ಬಿಟ್ಟಿದ್ದಳು. ಅದನ್ನು ಯಾರಿಗಾದರೂ ಈಗಲೇ ಹೇಳಬೇಕೆನಿಸಿತು. ಯಾರಿಗೆ ಎಂದು ಹೊಳೆಯಲಿಲ್ಲ.

ವಾರ್ಡಿನ ಹೆಡ್ ಸಿಸ್ಟರ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಉಳಿದವರನ್ನು ಚಹಾಕ್ಕೆ ಕಳಿಸಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

“ಎಡಗೈ ಎಷ್ಟು ಬಂತು?”

“ಹನ್ನೊಂದು” ಎಂದಳು ಫಿಸಿಯೋ ಹುಡುಗಿ.

“ಬರೆದ್ಯಾ?”

“ಇಲ್ಲ ಸಿಸ್ಟರ್.”

“ಹಾಗಿದ್ರೆ ಬಲಗೈಯಲ್ಲೇ ಎರಡು ಸಲ ಹಿಡಿಸು. ಪಟ್ಟಿಯಲ್ಲಿ ಎಡಗೈ ಮನೆಗೂ ಅದನ್ನೇ ತುಂಬು. ಕಾಲು ಜಾರಿ ಚೀಲ ಬಿತ್ತು, ಇನ್ನೊಂದು ದಿನ ಎತ್ತುತ್ತಾಳೆ.”

ಹುಡುಗಿ ಒಮ್ಮೆ ಅವಳ ಮುಖ, ಒಮ್ಮೆ ಇವಳ ಮುಖ ನೋಡಿದಳು. “ನಾನು ಬಂದಾಗಿಂದ ನೋಡ್ತಿದೀನಿ ಸಿಸ್ಟರ್. ರೋಗಿಗಳ ಬಗ್ಗೆ ಅಕ್ಕ ಹೇಳಿದ್ದು ಒಂದೂ ತಪ್ಪಾಗಿಲ್ಲ. ನನಗೂ ಅವರು ಮೇಲೆ ವಾರ್ಡಲ್ಲೇ ಇರಬೇಕು ಅಂತಾನೇ” ಎಂದು ಪೆನ್ನಿನ ಮುಚ್ಚಳ ತೆಗೆದಳು.

ಕ್ರೇನಕ್ಕ ನೆಲಕ್ಕೆ ಕೈಯೂರಿ ಎದ್ದು ನಿಂತಳು. ಒಪ್ಪಿಬಿಡುವ ಆಸೆಯಾಯಿತು. ಮೇಲಿನ ಮಹಡಿಯಲ್ಲಿ ಯಾರೋ ವಾಕರ್ ಹಿಡಿದು ನಡೆಯುತ್ತಿದ್ದರು. ಟಕ್, ಟಕ್ ಎಂದು ಕೇಳಿಸುತ್ತಿತ್ತು.

“ಮೊನ್ನೆ ಒಂಬತ್ತನೇ ಬೆಡ್ಡಿನವರನ್ನ ಬಿಟ್ಟೆ ಸಿಸ್ಟರ್” ಎಂದಳು.

“ಏನು?”

“ಏಳಿಸ್ತಾ ಇದ್ದೆ. ಎಡಗೈ ಬಿಟ್ಟೋಯ್ತು. ಅವರು ಕಂಬಿ ಹಿಡ್ಕೊಂಡ್ರು, ಅದಕ್ಕೇ ಉಳಿದ್ರು. ನಾನು ಹೇಳಬೇಕಿತ್ತು, ಹೇಳಲಿಲ್ಲ.”

ಸಿಸ್ಟರ್ ಸ್ಟೂಲಿನ ಮೇಲೆ ಕೂತಳು. “ಎತ್ತೋದನ್ನ ಬೇರೆಯವರ ಕೈಲಿ ಮಾಡಿಸ್ತೀನಿ ಕಣೇ. ನೀನು ವಾರ್ಡಲ್ಲಿ ಇದ್ರೆ ಸಾಕು” ಎಂದಳು.

“ಬೀಳೋರು ಪಕ್ಕದಲ್ಲಿ ಯಾರಿದಾರೆ ಅಂತ ನೋಡಿ ಬೀಳ್ತಾರಾ? ನಾನಿದೀನಿ ಅಂದ್ರೆ ಧೈರ್ಯವಾಗಿ ನನ್ನ ಮೇಲೆ ಬೀಳ್ತಾರೆ.”

“ಕೆಳಗೆ ಒಂದು ನರಪಿಳ್ಳೆನೂ ಇರಲ್ಲ. ಮಾತಾಡೋಕೆ ಗೋಡೆ. ನಿನಗಾಗುತ್ತಾ? ನಂಗೊತ್ತಿಲ್ವಾ ನಿನ್ನ?”

ಅವಳು ಉತ್ತರಿಸುವ ಮೊದಲು ಸೀರೆಯ ಸೆರಗಿನಿಂದ ಕೈಗೆ ಮೆತ್ತಿದ್ದ ಮರಳನ್ನು ಒರೆಸಿಕೊಂಡಳು, ಒಂದೊಂದೇ ಬೆರಳು.

“ಆಗಲ್ಲ ಅನ್ಸುತ್ತೆ” ಎಂದಳು. “ಆದ್ರೂ ಬೇಡ ಸಿಸ್ಟರ್. ನೀವು ಕೇಳಿದ್ರಲ್ಲ, ಅಷ್ಟೇ ಸಾಕು.”

ಆಮೇಲೆ ಫಿಸಿಯೋ ಹುಡುಗಿಯ ಕಡೆ ತಿರುಗಿ, ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದ ಎಡಗೈಯ ಮನೆಯ ಮೇಲೆ ಬೆರಳಿಟ್ಟು ತೋರಿಸಿದಳು.

“ಇಲ್ಲಿ ಬರೆಯಮ್ಮಾ. ಹನ್ನೊಂದು.”