ಕಂಡ ಕೂಡಲೇ ಬಿಚ್ಚಬೇಕಾದ ಹೊಲಿಗೆ

ಆ ಗುರುವಾರ ಬೆಳಿಗ್ಗೆ ನಾನು ಮಾಡಿ ಮುಗಿಸಿದ ಕೆಲಸಗಳು ಇವು: ಅಂಗಡಿಯ ಹಲಗೆ ಬಾಗಿಲು ತೆಗೆದು ಗುಡಿಸಿದ್ದು, ಎರಡು ಮೆಷಿನ್ನಿಗೂ ಎಣ್ಣೆ ಬಿಟ್ಟದ್ದು, ಉಪ್ಪುಂದದ ಮದುಮಗಳ ನಾಲ್ಕು ರವಕೆಗೆ ಹುಕ್ಸ್ ಕೂರಿಸಿದ್ದು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿದ್ದು, ಬಾಯಮ್ಮನ ಮೊಣಕಾಲಿಗೆ ತೆಂಗಿನೆಣ್ಣೆ ತಿಕ್ಕಿದ್ದು.

ಆ ಮೊಣಕಾಲುಗಳ ಮೇಲೆ ಎರಡು ಕಪ್ಪು ಬಿಲ್ಲೆಗಳಿದ್ದವು. ಮುಟ್ಟಿದರೆ ಹಳೇ ಚಪ್ಪಲಿಯ ಅಟ್ಟೆಯಷ್ಟು ಒರಟು. ನಲವತ್ತು ವರ್ಷ ಬರಿ ನೆಲಕ್ಕೆ ಮೊಣಕಾಲೂರಿ ಜಪಸರ ಎಣಿಸಿದ ಗುರುತು ಅದು. ಚಾಪೆ ಹಾಸಿಕೊಳ್ಳಿ ಎಂದರೆ, "ಚಾಪೆ ಮೇಲೆ ನಿದ್ರೆ ಬತ್ತ್, ಪಶ್ಚಾತ್ತಾಪ ಬತ್ತಿಲ್ಲೆ" ಎನ್ನುವರು.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಇವರು ಕುಂದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಹೊಲಿಗೆ ಬಾಯಮ್ಮ. ನಾನು ಮೀನು ಮಾರುವವರ ಮನೆಯ ಹುಡುಗಿ. ೧೯೯೭ರಲ್ಲಿ ಆರು ತಿಂಗಳು ಹೊಲಿಗೆ ಕಲಿತು ಹೋಗುವುದೆಂದು ಬಂದವಳು ಹದಿನಾಲ್ಕು ವರ್ಷ ಅಲ್ಲೇ ಕೂತೆ.

ಟೈಲರುಗಳ ಬಾಯಲ್ಲಿ ಮೊದಲು ಬರುವ ಮಾತು "ನಾಳೆ ಬನ್ನಿ". ಆ ಅಂಗಡಿಯಲ್ಲಿ ಅದನ್ನು ಆಡುವಂತಿರಲಿಲ್ಲ. ಒಮ್ಮೆ ನಾನು ಆಡಿಬಿಟ್ಟೆ. "ನಾಳೆ ನಿನ್ನ ಹತ್ರ ಇತ್ತಾ ಹೆಣ್ಣೇ? ಎಲ್ಲಿತ್ತ್, ತೋರ್ಸ್ ಕಾಂಬ" ಎಂದರು, ಗಿರಾಕಿಯ ಎದುರೇ. ಹೊಲಿಗೆ ತಪ್ಪಿದರೆ ಆ ಗಳಿಗೆಯಲ್ಲೇ ಬಿಚ್ಚಬೇಕು. ಮುಂದಿನದನ್ನು ಮುಗಿಸಿ ಆಮೇಲೆ ಬಿಚ್ಚುತ್ತೇನೆ ಎಂದರೆ ಕತ್ತರಿ ಕಸಿದುಕೊಳ್ಳುವರು. "ತಪ್ಪಿದ ಹೊಲಿಗೆ ಮೇಲೆ ಇನ್ನೊಂದ್ ಹೊಲಿಗೆ ಹಾಕ್ರೆ ಬಟ್ಟೆ ಪೂರ್ತಿ ಸುಕ್ಕ್. ಬಿಚ್ಚುಕೆ ಒಳ್ಳೆ ದಿನ ಅಂತ ಇಲ್ಲೆ. ಕಂಡ ಕೂಡ್ಲೆ ಬಿಚ್ಚ್."

ಶನಿವಾರ ನಾಲ್ಕು ಗಂಟೆಗೆ ಕರಿ ಲೇಸಿನ ವೇಲು ತಲೆಗೆ ಹೊದ್ದು, ಫಾದರ ಬಳಿ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೊರಡುವರು. ಮದುವೆ ಸೀಸನ್ ಇದ್ದರೂ ಸರಿ, ಅಂಗಡಿ ತುಂಬ ಜನವಿದ್ದರೂ ಸರಿ. ನಾನು ಕೇಳಿದ್ದೆ, "ವಾರ ಪೂರ್ತಿ ಮೆಷಿನ್ ತುಳೀತ್ರಿ. ಪಾಪ ಮಾಡುಕೆ ಪುರ್ಸೊತ್ತ್ ಎಲ್ಲಿತ್ತ್ ನಿಮ್ಗೆ?"

"ನಾಲ್ಗೆಗೆ ಪೆಡಲ್ ಬೇಡ, ಹೆಣ್ಣೇ."

ಒಂದು ಕ್ರಿಸ್‌ಮಸ್ಸಿಗೆ ಅವರ ಜೊತೆ ಚರ್ಚಿಗೆ ಹೋಗಿದ್ದೆ. ಎಲ್ಲರೂ ನಿಂತೇ, ಅಂಗೈಯಲ್ಲಿ ಪರಮಪ್ರಸಾದ ಪಡೆಯುತ್ತಿದ್ದರು. ಬಾಯಮ್ಮ ಮಾತ್ರ, ಹಿಂದೆ ಸಾಲು ಕಾಯುತ್ತಿದ್ದರೂ, ಮೊಣಕಾಲೂರಿ ನಾಲಗೆ ಚಾಚಿದರು. ಹೊಸ ಫಾದರು ಬಗ್ಗಿ, "ನಿಂತೇ ತಕಣಿ ಬಾಯಮ್ಮ, ಕಾಲು ನೋವಲ್ದಾ?" ಎಂದರು. "ನೋವು ನಂದ್, ಫಾದರ್. ನೀವ್ ಕೊಡಿ." ಹೊರಗೆ ಯಾರೋ ಹಳೇ ಕಾಲದ ಮಂಡೆ ಎಂದದ್ದಕ್ಕೆ, "ಹೌದ್, ದೇವ್ರೂ ಹಳಬ್ರೇ" ಎಂದು ನಡೆದರು.

ಅವರದು ಕಲ್ಲು ಮನಸ್ಸು ಎಂದವರು ಊರಲ್ಲಿ ಬೇಕಾದಷ್ಟಿದ್ದಾರೆ. ನರಕದ ಮಾತಾಡಿ ಜನರನ್ನು ಹೆದರಿಸುತ್ತಿದ್ದರು ಎಂದು ಈಗಲೂ ಹೇಳುತ್ತಾರೆ. ಹೇಳಲಿ. ಆ ಗುರುವಾರ ಅವರ ಜೊತೆ ಇದ್ದವಳು ನಾನು, ಅವರಲ್ಲ.

ಇಸ್ತ್ರಿ ಕಾಯುವಷ್ಟರಲ್ಲಿ ಎದುರಿನ ಅಂಗಡಿಗೆ ಫೋನು ಬಂತು. ಬ್ರಹ್ಮಾವರದಿಂದ, ಬಾಯಮ್ಮನ ಅಣ್ಣನ ಸೊಸೆ. ಮಾವ ಊಟ ಬಿಟ್ಟಿದ್ದಾರೆ, ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ ಎಂದಳು. ಅಣ್ಣ ತಂಗಿ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಅಣ್ಣನ ಮಗಳು ಬೇರೆ ಧರ್ಮದ ಹುಡುಗನನ್ನು ರಿಜಿಸ್ಟರ್ ಮದುವೆಯಾದಾಗ ಬಾಯಮ್ಮ ಅವರ ಅಂಗಳದಲ್ಲಿ ನಿಂತು, "ನೀ ಸತ್ರೂ ನಾ ಬಪ್ಪುದಿಲ್ಲೆ" ಎಂದು ಬಂದಿದ್ದರು. ಚರ್ಚಿನ ಹೊರಗಿನ ಮದುವೆ ಅವರಿಗೆ ಮದುವೆಯೇ ಅಲ್ಲ. ನನಗೆ ಆ ಮಾತು ಸೇರಿರಲಿಲ್ಲ. ಹೇಳಿಯೂ ಇದ್ದೆ. "ನಿಂಗೆ ಸೇರ್ಕ್ ಅಂತ ದೇವ್ರ್ ನಿಯಮ ಮಾಡದ್ದಲ್ಲ" ಎಂದಿದ್ದರು.

ಅಣ್ಣನೂ ಅಂದಿನಿಂದ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಪಾಪನಿವೇದನೆ ಮಾಡದೆ ಹೋಗಿಬಿಟ್ಟರೆ ಅಣ್ಣನ ಆತ್ಮದ ಗತಿ ಏನು ಎಂಬುದೊಂದೇ ಬಾಯಮ್ಮನ ಚಿಂತೆ. ಆದರೆ ಸೊಸೆ ಫೋನಿನಲ್ಲೇ ಹೇಳಿದ್ದಳು, ನೀವು ಬನ್ನಿ, ಫಾದರ್ ಬೇಡ. ಅವರ ಜನರಲ್ಲಿ ಇದೊಂದು ಹೆದರಿಕೆ. ಕೊನೆಗಾಲದಲ್ಲಿ ಫಾದರು ಬಂದು ಹಣೆಗೆ ಎಣ್ಣೆ ಹಚ್ಚುವುದನ್ನು ಕಂಡರೆ ರೋಗಿ ಎದೆಯೊಡೆದುಕೊಳ್ಳುತ್ತಾನೆಂದು ಇವತ್ತು ಬೇಡ, ನಾಳೆ ಎನ್ನುತ್ತ, ಎಚ್ಚರ ತಪ್ಪಿದ ಮೇಲೆ ಕರೆಯಲು ಓಡುತ್ತಾರೆ.

ಬಾಯಮ್ಮ ಕೆಂಡಕ್ಕೆ ನೀರು ಹೊಯ್ದು ಬಾಗಿಲು ಹಾಕಿಸಿ, ನನ್ನನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರು. "ಹ್ವಾಯ್ ಬಾಯಮ್ಮ, ಎಂತ ಓಡ್ತಾ ಬತ್ರಿ?" ಎಂದ ಬಸ್ ಕಂಡಕ್ಟರ್. "ನಿನ್ನ ಬಸ್ಸಿಗಿಂತ ಮುಂಚೆ ಸಾವ್ ತಲ್ಪುಕಾಗ. ಸೀಟಿ ಊದ್!"

ಬ್ರಹ್ಮಾವರದ ಚರ್ಚಿನಲ್ಲಿ ಫಾದರು ಊಟಕ್ಕೆ ಕೂರುವವರಿದ್ದರು. "ಊಟ ಕಾಯ್ತ್ ಫಾದರ್, ಸಾವ್ ಕಾಯುದಿಲ್ಲೆ" ಎಂದು ಎಬ್ಬಿಸಿಕೊಂಡು ಬಂದರು.

ಸೊಸೆ ಜಗಲಿಯಲ್ಲಿ ಅಡ್ಡ ನಿಂತಳು. "ಆಂಟಿ, ಫಾದರನ್ನ ಕಂಡ್ರೆ ಮಾವ ಹೆದ್ರಿಯೇ ಸಾಯ್ತ್ರ್."

"ಹೆದ್ರದೆ ಸತ್ತ್ರೆ ಆತ್ತಾ ನಿಂಗೆ? ಬದಿಗ್ ಹೋಗ್."

ಒಳಗಿಂದ ಅಣ್ಣನ ದನಿ ಬಂತು. ಅಣ್ಣ ತಂಗಿ ಆಡಿದ್ದು ಕೊಂಕಣಿ. ಏಳು ವರ್ಷ ಬಾಯಮ್ಮನ ಪಕ್ಕ ಕೂತ ನನಗೆ ಅದು ತಿಳಿಯುತ್ತಿತ್ತು. ನನ್ನ ಬಾಯಲ್ಲಿ ಹೇಳಿದರೆ ಹೀಗೆ:

"ಫಾದರ್ ಹೊರ್ಗ್ ಕೂಕಣ್ಲಿ. ಮೊದ್ಲ್ ಅವ್ಳ್ ಬರ್ಲಿ."

ನಾವು ಒಳಗೆ ಹೋದೆವು. ಮಂಚದ ಮೇಲೆ ಎಲುಬಿನ ಗೂಡು, ಅದರಲ್ಲಿ ಎರಡು ಚುರುಕು ಕಣ್ಣು. "ಅಂಗ್ಳದಲ್ಲಿ ಎಂತ ಹೇಳಿ ಹೋದ್ದೆ ನೀನ್?"

"ಅದನ್ನ ಫಾದರ್ ಹತ್ರ ಹೇಳಿದ್ದೆ. ಒಂದ್ ಸಲ ಅಲ್ಲ. ದೇವ್ರ ಹತ್ರ ದಿನಾ ಹೇಳಿದ್ದೆ."

"ನನ್ನ ಹತ್ರ?"

ಲೋಕಕ್ಕೆಲ್ಲ ತಡ ಮಾಡಬೇಡಿ ಎಂದು ಹೇಳಿದವರು ಅಣ್ಣನನ್ನು ತಿದ್ದಲು ಬಂದಿದ್ದರು. ಅವರದೇ ಹೊಲಿಗೆ ಹತ್ತು ವರ್ಷ ತಪ್ಪಾಗಿ ಕೂತಿತ್ತು.

ಅಣ್ಣ ಕೇಳಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬಾಯಮ್ಮ ಸಿಮೆಂಟಿನ ನೆಲಕ್ಕೆ ಮೊಣಕಾಲೂರಿದರು. ಸೊಸೆಯ ಎದುರು, ನನ್ನ ಎದುರು.

"ಮದ್ವೆ ಬಗ್ಗೆ ಅಂದದ್ದನ್ನ ಇವತ್ತೂ ಹೇಳ್ತೆ. ಅದ್ರಗೆ ಬದಲಿಲ್ಲೆ. ನೀ ಸತ್ರೂ ಬಪ್ಪುದಿಲ್ಲೆ ಅಂದದ್ದ್ ಪಾಪ. ಹತ್ತ್ ವರ್ಷ ತಡ ಮಾಡದ್ದ್ ಅದಕ್ಕಿಂತ ದೊಡ್ಡ ಪಾಪ. ಮಾಫ್ ಮಾಡ್."

"ನನ್ನ ಮಗ್ಳಿಗೆ?"

"ಇವತ್ತೇ ಹೇಳ್ತೆ. ಊಟಕ್ಕಿಂತ ಮುಂಚೆ."

ಅಣ್ಣನ ಗಂಟಲಲ್ಲಿ ನಗೆಯಂಥದ್ದೊಂದು ಗೊರಗೊರ ಎಂದಿತು. "ಏಳ್. ನೀ ಸೋತದ್ದ್ ಕಂಡಾಯ್ತ್, ಇನ್ನ್ ಸಾಯ್ಲಕ್. ಫಾದರನ್ನ ಕರಿ."

ಬಾಗಿಲು ಮುಚ್ಚಿತು. ಒಳಗೆ ಫಾದರು ಮತ್ತು ಅಣ್ಣ. ಬಾಯಮ್ಮ ನಿಲ್ಲಲಿಲ್ಲ, ಮುಂಬಯಿಯಲ್ಲಿದ್ದ ಅಣ್ಣನ ಮಗಳ ನಂಬರು ಬರೆಸಿಕೊಂಡು ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ನಡೆದರು. ಗಾಜಿನ ಬಾಗಿಲ ಹಿಂದೆ ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬಂದಾಗ ವೇಲಿನ ತುದಿ ಒದ್ದೆಯಾಗಿತ್ತು. ಮಗಳು ಏನೆಂದಳು ಎಂದು ಕೇಳಿದೆ. "ಬೈದ್ಲ್. ಬೈಯ್ಲಿ, ಅವ್ಳ ಹಕ್ಕ್."

ಅಣ್ಣ ಒಂಬತ್ತನೇ ದಿನ ಹೋದರು. ಬಾಯಮ್ಮ ಏಳು ವರ್ಷದ ಮೇಲೆ, ೨೦೧೧ರ ಮಳೆಗಾಲದಲ್ಲಿ, ಒಂದೂ ರವಕೆ ಬಾಕಿಯಿಡದೆ ಹೋದರು. ಕೊನೆಯವರೆಗೂ ತಮ್ಮ ನಿಯಮದಲ್ಲಿ ಒಂದಿಂಚು ಬಿಟ್ಟುಕೊಡಲಿಲ್ಲ. ನಾನೂ ಅವರ ನಿಯಮಗಳನ್ನೆಲ್ಲ ಒಪ್ಪಲಿಲ್ಲ. ಆದರೆ ತನ್ನ ತಪ್ಪು ಕಂಡ ಮೇಲೆ ಒಂದು ನಿಮಿಷದೊಳಗೆ ನೆಲಕ್ಕೆ ಮೊಣಕಾಲೂರಬಲ್ಲವರನ್ನು ಕಲ್ಲು ಮನಸ್ಸಿನವರು ಎಂದರೆ ನಾನು ಕೇಳಿಕೊಂಡು ಸುಮ್ಮನಿರುವುದಿಲ್ಲ. ನನ್ನ ಗಂಡನೊಡನೆ, ನಾದಿನಿಯೊಡನೆ ಎಷ್ಟು ಜಗಳ ಸಂಜೆಯೊಳಗೆ ಮುಗಿದಿವೆಯೋ ಅಷ್ಟೂ ಆ ಹೆಂಗಸಿನ ಋಣ.

ಆ ಮಧ್ಯಾಹ್ನ ಸೊಸೆ ಕುಚ್ಚಲಕ್ಕಿ ಗಂಜಿ ಬಡಿಸಿದಳು. ಜೊತೆಗೆ ಒಣ ಸೀಗಡಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ. ಫಾದರೂ ನಮ್ಮ ಜೊತೆ ಅಲ್ಲೇ ಉಂಡರು. ಅಣ್ಣನಿಗೆ ಬಾಯಮ್ಮ ಗಂಜಿ ತಿಳಿಯನ್ನು ಆರು ಚಮಚ ಕುಡಿಸಿದರು. ಏಳನೆಯದನ್ನು ಅಣ್ಣ ಬೇಡವೆಂದರು. ಮಲಗಿ ಎಂದು ಸೊಸೆ ಕಿಟಕಿ ಮುಚ್ಚಿದಳು. ಮೊದಲು ನಿದ್ದೆ ಹೋದದ್ದು ಅಣ್ಣನಲ್ಲ, ಬಾಯಮ್ಮ. ಮಂಚದ ಕಾಲಿಗೆ ಒರಗಿ, ಚಮಚ ಕೈಯಲ್ಲಿ ಹಿಡಿದುಕೊಂಡೇ. ನಾನು ಭುಜ ಮುಟ್ಟಹೋದೆ. ಅಣ್ಣ ಕಣ್ಣಲ್ಲೇ ತಡೆದು, ಆಮೇಲೆ ತಾವೂ ಗೋಡೆಯತ್ತ ತಿರುಗಿದರು.