ಆಂಟಿ ನೋಡಿಬಂದ ಶಿಯಾಮೆನ್

ನನ್ನ ಮುಖ ನೋಡಬೇಕಾದರೆ ಆಂಟಿ ನನ್ನ ಕಿವಿಯ ಕಡೆಗೆ ನೋಡುತ್ತಿದ್ದರು. ಗದ್ದ ಸ್ವಲ್ಪ ಮೇಲೆತ್ತಿ, ಕತ್ತು ಎಡಕ್ಕೆ ವಾಲಿಸಿ, ನನ್ನ ಹಿಂದೆ ಇನ್ಯಾರೋ ನಿಂತಿದ್ದಾರೆ ಎಂಬಂತೆ. ಹೊಸಬರು ತಿರುಗಿ ನೋಡಿಕೊಳ್ಳುತ್ತಿದ್ದರು. ಮೊದಲ ದಿನ ನಾನೂ ನೋಡಿಕೊಂಡೆ. “ಹಿಂದೆ ಯಾರೂ ಇಲ್ಲ ಕಣಮ್ಮ, ನಿನ್ನನ್ನೇ ನೋಡ್ತಿರೋದು. ನನ್ನ ಕಣ್ಣು ನಟ್ಟನಡುವೆ ಕೆಟ್ಟಿದೆ. ನೆಟ್ಟಗೆ ನೋಡಿದ್ರೆ ಬರೀ ಬೂದಿ ಬಣ್ಣ, ಓರೆಯಾಗಿ ನೋಡಿದ್ರೆ ಮನುಷ್ಯರು ಸಿಗ್ತಾರೆ,” ಎಂದು ನಕ್ಕರು.

ಲಾಸ್ ಏಂಜಲೀಸಿನ ಪೂರ್ವಕ್ಕಿರುವ ವೆಸ್ಟ್ ಕೊವಿನಾದ ಅವರ ಮನೆಯ ಹಿಂಬದಿಯ ಕೋಣೆಗೆ ನಾನು ಬಾಡಿಗೆಗೆ ಬಂದದ್ದು ಕೋವಿಡ್ಡಿನ ಎರಡನೆಯ ವರ್ಷ. ಮದುವೆ ಮುರಿದಿತ್ತು. ಬರ್ಬ್ಯಾಂಕ್‌ನಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದ ಕೆಲಸವೂ ಹೋಗಿತ್ತು. ಬೆಂಗಳೂರಿಗೆ ಫೋನ್ ಮಾಡಿದರೆ ಅಮ್ಮ ಅಳುತ್ತಾಳೆ, ಇಲ್ಲಿನ ಗೆಳತಿಯರಿಗೆ ಮಾಡಿದರೆ ಬುದ್ಧಿ ಹೇಳುತ್ತಾರೆ. ಯಾರ ಸಹವಾಸವೂ ಬೇಡವೆಂದು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಅಂಥವಳಿಗೆ ಸಿಕ್ಕಿದ್ದು ಮೈಸೂರಿನ ಈ ಆಂಟಿ. ಮಗನ ಹತ್ತಿರ ಉರ್ದು, ಗಿರಾಕಿಗಳ ಹತ್ತಿರ ಇಂಗ್ಲಿಷು, ನನ್ನ ಹತ್ತಿರ ಮಂಡಿಮೊಹಲ್ಲಾದ ಕನ್ನಡ. ಮೂರರಲ್ಲೂ ಎದುರಿನವರು ಬಾಯಿ ತೆರೆಯುವ ಮೊದಲೇ ಇವರದು ಮುಗಿದಿರುತ್ತಿತ್ತು.

ಆಂಟಿಯ ಗಂಡ, ಅಂಕಲ್, ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. ಚಾಟ್ಸ್‌ವರ್ತ್‌ನಲ್ಲಿದ್ದ ಗ್ರಾನೈಟ್ ಹಲಗೆ ಮಾರುವ ಅವರ ಯಾರ್ಡನ್ನು ಆಂಟಿ ಮುಚ್ಚಲಿಲ್ಲ. ಆದರೆ ಕಾರು ಓಡಿಸುವಷ್ಟು ಕಣ್ಣು ಉಳಿದಿರಲಿಲ್ಲ. “ನೀನು ಡ್ರೈವ್ ಮಾಡು, ಆಫೀಸಿನ ಕೆಲಸಾನೂ ನೋಡ್ಕೋ, ಸಂಬಳ ಕೊಡ್ತೀನಿ,” ಎಂದರು. ಕೇಳಿದ್ದಲ್ಲ, ಹೇಳಿದ್ದು. ಹೀಗೆ ದಿನಾ ಬೆಳಿಗ್ಗೆ ಊರಿನ ಒಂದು ತುದಿಯ ಕಣಿವೆಯಿಂದ ಇನ್ನೊಂದು ತುದಿಯ ಕಣಿವೆಗೆ ನಮ್ಮ ಸವಾರಿ ಶುರುವಾಯಿತು. ನಾನು ಬಿಟ್ಟುಬಂದ ಬರ್ಬ್ಯಾಂಕ್ ದಾರಿಯಲ್ಲೇ ಸಿಗುತ್ತಿತ್ತು. ಅದನ್ನು ದಾಟುವಾಗ ನಾನು ಆ ಕಡೆ ತಲೆ ತಿರುಗಿಸುತ್ತಿರಲಿಲ್ಲ.

“ಏನು ಕಾಣ್ತಾ ಇದೆ, ಹೇಳು,” ಎನ್ನುತ್ತಿದ್ದರು ಆಂಟಿ.

“ಏನೂ ಇಲ್ಲ ಆಂಟಿ. ಫ್ರೀವೇ.”

“ಏನೂ ಇಲ್ಲ ಅನ್ನೋ ಜಾಗ ಅಲ್ಲಾನ ಸೃಷ್ಟೀಲಿ ಇಲ್ಲ. ಸರಿಯಾಗಿ ನೋಡಿ ಹೇಳು. ಕಣ್ಣಿದ್ದೂ ಜಿಪುಣತನ ಮಾಡ್ಬಾರ್ದು.”

ಕಾಟ ತಡೆಯಲಾರದೆ ಹೇಳತೊಡಗಿದೆ. ಪಕ್ಕದ ಲಾರಿಯಲ್ಲಿ ಹಾಸಿಗೆಗಳು. ಬೆಟ್ಟದ ಮೇಲೆ ಹೊಗೆಯೋ ಮೋಡವೋ ಗೊತ್ತಾಗುತ್ತಿಲ್ಲ. ಮುಂದಿನ ಕಾರಿನ ಹುಡುಗಿ ಸ್ಟಿಯರಿಂಗ್ ಬಿಟ್ಟು ಕಾಡಿಗೆ ತೀಡಿಕೊಳ್ಳುತ್ತಿದ್ದಾಳೆ. “ಅಯ್ಯೋ, ದೂರ ಇರು ಮಹರಾಯ್ತಿ ಅವಳಿಂದ!” ಎಂದು ಆಂಟಿ ಸೀಟಿಗೆ ಅಂಟಿಕೊಂಡರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬಣ್ಣ ಕಟ್ಟಿದರೆ ತಕ್ಷಣ ಸಿಕ್ಕಿಹಾಕಿಕೊಳ್ಳುತ್ತಿದ್ದೆ.

ಬಣ್ಣ ಕಟ್ಟಿದ ಮಾತು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು, ಅದಕ್ಕೆ ಕಾರಣ ಅಂಕಲ್. ಚಾಮರಾಜನಗರದ ಕರಿಕಲ್ಲಿನ ದಿಮ್ಮಿಗಳು ಹಡಗು ಹತ್ತಿ ಚೀನಾದ ಕರಾವಳಿಯ ಶಿಯಾಮೆನ್‌ಗೆ ಹೋಗುತ್ತವೆ. ಅಲ್ಲಿ ಹಲಗೆಗಳಾಗಿ ಸೀಳಿಸಿಕೊಂಡು, ಪಾಲಿಶ್ ಹಾಕಿಸಿಕೊಂಡು ಲಾಸ್ ಏಂಜಲೀಸಿನ ಅಡುಗೆಮನೆಗಳಿಗೆ ಬರುತ್ತವೆ. ಅಂಕಲ್ ಪ್ರತಿ ವರ್ಷ ಕಲ್ಲು ಆರಿಸಲು ಅಲ್ಲಿಗೆ ಹೋಗುತ್ತಿದ್ದರು. ಕೆಲಸ ಮುಗಿದ ಸಂಜೆ ಸಮುದ್ರದಂಡೆಯಿಂದ ಹೆಂಡತಿಗೆ ಫೋನು. ಎದುರಿಗೇ ಒಂದು ದ್ವೀಪ, ಹಸಿರೋ ಹಸಿರು, ಅದರ ತುಂಬ ಕೆಂಪು ಹೆಂಚಿನ ಮನೆಗಳು, ದೋಣಿ ಹತ್ತಿದರೆ ಮಾತು ಮುಗಿಯುವುದರೊಳಗೆ ಆ ದಡ. ಇಷ್ಟು ಚೆಂದದ ಜಾಗ ಬೇರೆಲ್ಲೂ ಇಲ್ಲ, ಮುಂದಿನ ಸಲ ನಿನ್ನನ್ನು ಕರೆತರುತ್ತೇನೆ.

“ಮುಂದಿನ ಸಲ, ಮುಂದಿನ ಸಲ ಅಂತಾನೇ ಹೊರಟುಹೋದ್ರು,” ಎನ್ನುತ್ತಿದ್ದರು ಆಂಟಿ. “ಕಲ್ಲು ಮಾರೋರ ಮಾತು ಬೇರೆ. ಬಿರುಕು ಬಿಟ್ಟ ಕಲ್ಲನ್ನೂ ಚೆನ್ನಾಗಿಲ್ಲ ಅಂದೋರಲ್ಲ ನಿಮ್ಮ ಅಂಕಲ್ಲು. ನಿಜವಾಗ್ಲೂ ಅಷ್ಟು ಚೆನ್ನಾಗಿದ್ಯಾ ಇಲ್ವಾ, ನಾನೇ ನೋಡ್ಬೇಕು ಒಂದ್ಸಲ.”

ಗಡಿಗಳು ತೆರೆದು ಪ್ರವಾಸಿಗರು ಮತ್ತೆ ಚೀನಾಕ್ಕೆ ಹೋಗತೊಡಗಿದ ಹೊತ್ತಿಗೆ, ಅವರ ಓರೆನೋಟವೂ ಮಬ್ಬಾಗುತ್ತಿದೆ ಎಂದು ಡಾಕ್ಟರು ಹೇಳಿದರು. ಇನ್ನೊಂದು ವರ್ಷ ಕಳೆದರೆ ಬಣ್ಣಗಳೂ ತಿಳಿಯಲಿಕ್ಕಿಲ್ಲ. ಆ ದಿನವೇ ಕಾರಿನಿಂದ ಸ್ಯಾನ್ ಡಿಯೆಗೋದ ಮಗನಿಗೆ ಫೋನ್ ಹಚ್ಚಿ, ಶಿಯಾಮೆನ್‌ಗೆ ಹೋಗುತ್ತೇನೆ ಎಂದರು. ಅವನು ಇಲ್ಲೇ ಹುಟ್ಟಿ ಬೆಳೆದವನು, ಒಳ್ಳೆಯವನೇ. ವಯಸ್ಸು, ಬಿಪಿ, ಇನ್ಶೂರೆನ್ಸ್ ಎಲ್ಲ ಹೇಳಿದ. ಕೊನೆಗೆ ಬಾಯಿತಪ್ಪಿ, “ಅಮ್ಮೀ, ವಾಟ್ ವಿಲ್ ಯೂ ಈವನ್ ಸೀ?” ಎಂದುಬಿಟ್ಟ.

ಆಂಟಿ ಫೋನ್ ಕಟ್ ಮಾಡಿದರು. ಸದಾ ವಟಗುಟ್ಟುತ್ತಿದ್ದ ಆಂಟಿ ಚಾಟ್ಸ್‌ವರ್ತ್ ಬರುವವರೆಗೆ ತುಟಿ ಬಿಚ್ಚಲಿಲ್ಲ. ನನಗೇ ತಡೆಯದೆ ರಸ್ತೆಯಲ್ಲಿದ್ದ ಬೋರ್ಡುಗಳನ್ನೆಲ್ಲ ಓದಿ ಹೇಳುತ್ತಾ ಹೋದೆ. ಯಾರ್ಡಿನ ಗೇಟಿನಲ್ಲಿ ಕಾರು ನಿಲ್ಲಿಸಿದಾಗ ನನ್ನ ಕಿವಿಯ ಕಡೆ ತಿರುಗಿದರು. “ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?”

ಇಬ್ಬರೂ ವೀಸಾಕ್ಕೆ ಅಪ್ಲೈ ಮಾಡಿದೆವು. ವಸಂತಕಾಲದಲ್ಲಿ ಹೊರಟೆವು. ಅಲ್ಲೇ ನಾವು ಎಡವಿದ್ದು. ಶಿಯಾಮೆನ್‌ನಲ್ಲಿ ಅದು ಮಂಜಿನ ಕಾಲವೆಂದು ಯಾರೂ ಹೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ.

ಸಮುದ್ರಕ್ಕೆ ಎದುರಾದ ಹೋಟೆಲು. ಬೆಳಿಗ್ಗೆ ಎದ್ದವರೇ ಆಂಟಿ ಹೊಸ ಸಲ್ವಾರ್ ತೊಟ್ಟು, ತಲೆಗೆ ದುಪಟ್ಟಾ ಬಿಗಿದು, ನನ್ನ ಕೈ ಹಿಡಿದು ದಂಡೆಗೆ ಹೊರಟರು. ಕಂಬಿ ಹಿಡಿದು ನಿಂತರು. “ಹೇಳು.”

ನಾನು ಕಣ್ಣುಜ್ಜಿಕೊಂಡೆ. ನೀರಿಲ್ಲ, ದ್ವೀಪವಿಲ್ಲ, ಆಕಾಶವೂ ಇಲ್ಲ. ಮಂಜಿನೊಳಗೆ ಎಲ್ಲಿಂದಲೋ ದೋಣಿಯ ಹಾರ್ನ್ ಮಾತ್ರ ಕೇಳುತ್ತಿತ್ತು. ಇಷ್ಟು ದೂರ ಬಂದು ಏನೆಂದು ಹೇಳಲಿ? “ಏನೂ ಇಲ್ಲ ಆಂಟಿ. ನಿಜವಾಗ್ಲೂ ಏನೂ ಇಲ್ಲ. ಬರೀ ಬೂದಿ ಬಣ್ಣ.”

ಅವರು ದಂಡೆಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಕ್ಕರು. “ಈಗ ನಿನ್ನ ಕಣ್ಣೂ ನನ್ನ ಕಣ್ಣೂ ಸಮ ಆಯ್ತು ನೋಡು! ನಾನು ದಿನಾ ನೋಡೋದು ಇದನ್ನೇ.”

ಆದರೆ ರಾತ್ರಿ ಮಲಗುವ ಮುಂಚೆ, “ನಾಳೆ ಬಿಡುತ್ತೆ ಅಲ್ವಾ?” ಎಂದು ಕೇಳಿದ ದನಿಯಲ್ಲಿ ನಗು ಇರಲಿಲ್ಲ. ಮಾರನೆಯ ದಿನವೂ ಮಂಜು ಬಿಡಲಿಲ್ಲ, ಅದರಾಚೆಯ ದಿನವೂ ಇಲ್ಲ. ದೋಣಿ ಹತ್ತಿ ಆ ದ್ವೀಪಕ್ಕೇ ಹೋಗಿಬಂದೆವು. ಕಾರುಗಳೇ ಇಲ್ಲದ ಓಣಿಗಳು, ಯಾರದೋ ಮನೆಯಿಂದ ಪಿಯಾನೋ, ಒದ್ದೆ ಗೋಡೆಗಳು. ಆಂಟಿ ಗೋಡೆಗಳನ್ನೆಲ್ಲ ಸವರಿ, ಇದು ಗ್ರಾನೈಟು, ಇದು ಇಟ್ಟಿಗೆ ಎಂದರು. ಸಂತೋಷಪಟ್ಟರು, ಇಲ್ಲವೆನ್ನುವುದಿಲ್ಲ. ಆದರೆ ಅವರಿಗೆ ಬೇಕಾಗಿದ್ದದ್ದು ಈ ದಡದಲ್ಲಿ, ಅಂಕಲ್ ನಿಂತು ಫೋನ್ ಮಾಡುತ್ತಿದ್ದ ಜಾಗದಲ್ಲಿ ನಿಂತು ಕಾಣುವ ನೋಟ.

ಊಟದ್ದು ಇನ್ನೊಂದು ಪಜೀತಿ. ಆಂಟಿಗೆ ಹಲಾಲ್ ಆಗಬೇಕು. ನಾನೋ ಮೊಟ್ಟೆಯನ್ನೂ ಮುಟ್ಟದವಳು. ತಂದಿದ್ದ ಅವಲಕ್ಕಿ, ಚಟ್ನಿಪುಡಿ ಮುಗಿಯುತ್ತಾ ಬಂದಿದ್ದವು. ಗುಡ್ಡದ ಬುಡದಲ್ಲಿ ಒಂದು ಬೌದ್ಧ ದೇವಾಲಯ, ಅಲ್ಲಿ ಪೂರಾ ಸಸ್ಯಾಹಾರದ ಊಟ ಸಿಗುತ್ತದೆಂದು ತಿಳಿದು ಹೋದೆವು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲವಂತೆ. ನಮ್ಮಜ್ಜಿಯ ಮಡಿ ಅಡುಗೆಯೇ ಸಿಕ್ಕಿತೆಂದು ನಾನು ಹಿಗ್ಗಿ ಕೂತೆ. ಬಡಿಸುವ ಹೆಂಗಸು ತಂದು ನನ್ನೆದುರಿಗೆ ಇಟ್ಟದ್ದು ತಲೆ, ಬಾಲ, ಪೊರೆ ಎಲ್ಲ ಇದ್ದ ಒಂದು ಇಡೀ ಮೀನು!

“ಅಯ್ಯೋ ಶಿವನೇ!” ಎಂದು ಕುರ್ಚಿ ಹಿಂದೆ ಸರಿಸಿದೆ. “ದೇವಸ್ಥಾನದಲ್ಲಿ ಮೀನು ಆಂಟಿ!”

ಆಂಟಿಯ ಮುಖ ಅರಳಿತು. “ಮೀನಾದ್ರೆ ನಂಗೆ ನಡಿಯುತ್ತೆ. ಈ ಕಡೆ ತಳ್ಳು ತಟ್ಟೇನ!” ಅಷ್ಟು ದಿನ ಅವಲಕ್ಕಿ ತಿಂದು ನಾಲಿಗೆ ಕೆಟ್ಟಿತ್ತಲ್ಲ, ಬಿಸ್ಮಿಲ್ಲಾ ಎಂದು ದೊಡ್ಡ ತುಂಡನ್ನೇ ಬಾಯಿಗಿಟ್ಟರು. ಅಗಿದರು. ಮತ್ತೆ ಅಗಿದರು. ಮುಖ ಬಾಡಿತು. “ಏನು ಮೋಸ ಇದು! ಸೋಯಾ ಕಣಮ್ಮ ಇದು, ಸೋಯಾ! ಮೀನಿನ ವೇಷ ಹಾಕಿ ಕೂರ್ಸಿದ್ದಾರೆ!” ಬಡಿಸಿದ ಹೆಂಗಸು ಮೆಚ್ಚಿಗೆಯೆಂದು ತಿಳಿದು ಕೈಮುಗಿದಳು. ನನಗೆ ನಗು ಒತ್ತರಿಸಿ ಬಂತು. ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ ನನಗೇ ನೆನಪಿರಲಿಲ್ಲ. “ಕಣ್ಣಿರೋಳು ನೀನೇ ಮೋಸ ಹೋದೆ, ನಾನೇನು ಮಾಡ್ಲಿ,” ಎಂದು ಗೊಣಗುತ್ತಲೇ ಆಂಟಿ ಆ ಮೀನನ್ನು ನನಗೂ ಬಡಿಸಿದರು. ರುಚಿಯಾಗಿಯೇ ಇತ್ತು.

ಹೊರಡುವ ದಿನ ಬಂತು. ಟ್ಯಾಕ್ಸಿಗೆ ಸಾಮಾನು ತುಂಬಿಸುವಾಗ ಕುತ್ತಿಗೆಯ ಮೇಲೆ ಬಿಸಿಲು ಬಿದ್ದಂತಾಯಿತು. ತಿರುಗಿ ನೋಡಿದೆ. ಮಂಜು ಎದ್ದುಹೋಗಿತ್ತು. “ಆಂಟೀ, ಬನ್ನಿ!” ಎಂದು ಕೂಗಿ, ಅವರ ತೋಳು ಹಿಡಿದು ರಸ್ತೆ ದಾಟಿಸಿದೆ. ಟ್ಯಾಕ್ಸಿಯವನು ಹಿಂದಿನಿಂದ ಏನೋ ಕೂಗುತ್ತಿದ್ದ.

ಕಂಬಿಯ ಹತ್ತಿರ ಹೋಗಿ ಆಂಟಿ ತಮ್ಮ ರೀತಿಯಲ್ಲೇ ನಿಂತರು, ಸಮುದ್ರಕ್ಕೆ ಭುಜ ಕೊಟ್ಟು, ಮುಖ ದಂಡೆಯ ಉದ್ದಕ್ಕೆ ಮಾಡಿ. ಅಲ್ಲಿ ಫೋಟೋ ತೆಗೆಯುತ್ತಿದ್ದ, ಇವರದೇ ವಯಸ್ಸಿನ ಚೀನೀ ಹೆಂಗಸೊಬ್ಬಳಿಗೆ ಅದನ್ನು ಕಂಡು ಮರುಕವಾಯಿತು. ಪಾಪ, ಮುದುಕಿಗೆ ದಿಕ್ಕು ತಿಳಿದಿಲ್ಲ ಎಂದುಕೊಂಡಳೇನೋ. ಬಂದು, ಆಂಟಿಯ ಎರಡೂ ಭುಜ ಹಿಡಿದು, ಮೆತ್ತಗೆ ಸಮುದ್ರದ ಕಡೆಗೆ ನೆಟ್ಟಗೆ ತಿರುಗಿಸಿ ನಿಲ್ಲಿಸಿದಳು. ಈಗ ನೋಡಿ ಎಂದು ಕೈ ಮಾಡಿ ತೋರಿಸಿದಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಫೋಟೋ ಬೇರೆ ತೆಗೆದಳು. ನಾನು ತಡೆಯಲು ಹೋದಾಗ ಆಂಟಿ ನನ್ನ ಮೊಣಕೈ ಒತ್ತಿದರು. “ಸುಮ್ನಿರು. ಪ್ರೀತಿಯಿಂದ ತೋರಿಸ್ತಾ ಇದಾಳೆ.” ಏನೂ ಕಾಣದ ಆ ದಿಕ್ಕಿಗೆ ನೋಡುತ್ತಾ ಬಾಯಿತುಂಬ ನಕ್ಕು, ತಲೆಯಾಡಿಸಿ ಮೆಚ್ಚಿದರು. ಆಕೆ ತೃಪ್ತಿಯಾಗಿ ಹೋದ ಮೇಲೆ ಮತ್ತೆ ತಿರುಗಿ ಓರೆಯಾಗಿ ನಿಂತರು.

ಈ ಸಲ ನನಗೆ ‘ಹೇಳು’ ಎನ್ನಲಿಲ್ಲ. ತಾವೇ ಹೇಳಿದರು, ನಿಧಾನವಾಗಿ. “ಹಸಿರು... ಹೂಂ, ತುಂಬಾ ಹಸಿರು. ಮಧ್ಯೆ ಮಧ್ಯೆ ಕೆಂಪು. ಅವೇ ಹೆಂಚಿನ ಮನೆಗಳು. ಬಿಳೀದೊಂದು ಹೋಗ್ತಾ ಇದೆ, ದೋಣಿ ಇರ್ಬೇಕು. ಸರಿಯಾ?”

“ಸರಿ ಆಂಟಿ,” ಎಂದೆ. ಕಣ್ಣು ತುಂಬಿ ಬಂದು ನನಗೆ ಏನೂ ಕಾಣುತ್ತಿರಲಿಲ್ಲ.

“ನಿಮ್ಮ ಅಂಕಲ್ಲು ಸುಳ್ಳು ಹೇಳಿರ್ಲಿಲ್ಲ ಕಣೇ,” ಎಂದರು ಆಂಟಿ. ಎಂದೂ ನನ್ನನ್ನು ‘ಕಣೇ’ ಎಂದವರಲ್ಲ. ಟ್ಯಾಕ್ಸಿಯವನು ಹಾರ್ನ್ ಬಾರಿಸುತ್ತಲೇ ಇದ್ದ. ಬಾರಿಸಲಿ ಎಂದು ನಿಂತೆವು.

ಮರುವರ್ಷ ಬಣ್ಣಗಳೂ ಹೋದವು. ಯಾರ್ಡನ್ನು ಮಾರಿ ಸ್ಯಾನ್ ಡಿಯೆಗೋಕ್ಕೆ ಮಗನ ಮನೆಗೆ ಹೋದರು. ನನಗೆ ಅಷ್ಟರಲ್ಲಿ ಮತ್ತೆ ಎಡಿಟಿಂಗ್ ಕೆಲಸ ಸಿಕ್ಕಿತ್ತು. ಆದರೂ ಭಾನುವಾರಗಳಂದು ಅಲ್ಲಿಗೆ ಹೋಗಿ, ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕಡಲ ಪಕ್ಕದ ರಸ್ತೆಯಲ್ಲಿ ಸುತ್ತಿಸಿ, ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಮಾಜಿಗೆ ಎದ್ದವರು ಹಾಗೇ ಒರಗಿದರಂತೆ. ಸುದ್ದಿ ತಿಳಿದು ನಾನು ತಲುಪುವ ಹೊತ್ತಿಗೆ ಮಣ್ಣಿಗೆ ಕೊಂಡೊಯ್ಯಲು ಅಣಿಯಾಗಿತ್ತು.

ಎಲ್ಲ ಮುಗಿದು ಜನ ಚದುರಿದ ಮೇಲೆ ಮಗ ನನ್ನ ಹತ್ತಿರ ಬಂದ. ಅವನ ಫೋನಿನಲ್ಲಿ ಆ ಚೀನೀ ಹೆಂಗಸು ತೆಗೆದ ಫೋಟೋ ಇತ್ತು. ಅಮ್ಮ ಸಮುದ್ರವನ್ನು ನೆಟ್ಟಗೆ ನೋಡುತ್ತಿರುವುದು. ಅಮ್ಮನ ಕಣ್ಣು ಎಂಥದೆಂದು ಅವನಿಗೂ ಗೊತ್ತು, ಹಾಗಾಗಿ ಆ ಫೋಟೋ ಅವನನ್ನು ಹಿಂಡುತ್ತಿತ್ತು. ನನ್ನೊಡನೆ ಎಂದೂ ಕನ್ನಡದಲ್ಲಿ ಮಾತಾಡದವನು ತಡವರಿಸುತ್ತಾ ಕೇಳಿದ. “ಅಮ್ಮೀ... ನೋಡಿದ್ರಾ? ನಿಜವಾಗಿ?”

“ಈ ಫೋಟೋದಲ್ಲಿ ಇಲ್ಲ,” ಎಂದೆ. “ಇದಾದ ಮೇಲೆ ನೋಡಿದ್ರು. ಚೆನ್ನಾಗಿ ನೋಡಿದ್ರು.”

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಅವನಿಗೆ ಹೇಳಿದೆ. ಮಂಜಿನ ದಿನಗಳು, ಸೋಯಾ ಮೀನು, ಭುಜ ಹಿಡಿದು ತಿರುಗಿಸಿದ ಹೆಂಗಸು, ಹಸಿರು, ಕೆಂಪು, ಬಿಳಿಯ ದೋಣಿ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಅವನು ಅಳುತ್ತಾ, ನಡುನಡುವೆ ನಗುತ್ತಾ ಕೇಳುತ್ತಿದ್ದ. ಬಾಯಿಗೆ ಬೀಗ ಹಾಕಿಕೊಂಡು ಆ ಮನೆಗೆ ಬಂದಿದ್ದವಳು ನಾನು. ನನಗೆ ಮಾತು ವಾಪಸು ಕೊಟ್ಟವರು ಅವನ ತಾಯಿ. ಆ ಮಾತಿನಿಂದಲೇ ಅವರ ಮಗನಿಗೆ ಇಷ್ಟನ್ನಾದರೂ ತೋರಿಸಲು ಆಯಿತಲ್ಲ ಎಂಬ ಸಮಾಧಾನದಲ್ಲಿ ಅಂದು ಲಾಸ್ ಏಂಜಲೀಸಿಗೆ ವಾಪಸಾದೆ.