ಎತ್ತು ಎಳೆದ ಮೊಪೆಡ್

ಲೊಕ್ಕನಹಳ್ಳಿಯಲ್ಲಿ ಒಂದು ಎತ್ತು ಕೊಂಡು, ಅದನ್ನು ಮಧುವನಹಳ್ಳಿಯ ನಮ್ಮ ಮನೆಗೆ ಸಾಗಿಸಲು ಗೂಡ್ಸ್ ಆಟೋದವನ ಜೊತೆ ಚೌಕಾಸಿಗೆ ನಿಂತೆ. ಬಾಡಿಗೆ ಹೇಳಿದ ಕೂಡಲೇ ಒಪ್ಪಬಾರದು, ಬೇಡವೆಂದು ಹೊರಟುಬಿಡಬೇಕು. ಅವರೇ ಹಿಂದಿನಿಂದ ಕರೆಯುತ್ತಾರೆ. ನಾನು ಹೊರಟೆ. ಅವನು ಕರೆಯಲಿಲ್ಲ.

"ಎತ್ಗೂ ಕಾಲ್ ಅವೆ ಸಾ, ನಡೆಸ್ಕಂಡೋಗಿ," ಎಂದು ಆಟೋ ತಿರುಗಿಸಿಕೊಂಡು ಹೋದ.

ಹೊಸ ಎತ್ತಿಗೆ ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ಆರತಿ ಬೆಳಗಿ ಒಳಗೆ ಕರೆದುಕೊಳ್ಳುವುದು ನಮ್ಮ ಮನೆಯ ಪದ್ಧತಿ. ತಡವಾದರೆ ಅವ್ವ ಎತ್ತಿನ ಜೊತೆ ನನ್ನನ್ನೂ ಬೀದಿಯಲ್ಲೇ ನಿಲ್ಲಿಸುವವಳು. ಎತ್ತಿನ ಹಗ್ಗವನ್ನು ನನ್ನ ಮೊಪೆಡ್ಡಿನ ಹಿಂದಕ್ಕೆ ಕಟ್ಟಿ ಹೊರಟೆ. ದಾರಿಯುದ್ದಕ್ಕೂ ಅದರ ನಡಿಗೆಗೆ ತಕ್ಕಂತೆ ನಿಧಾನವಾಗಿ ಓಡಿಸಿ ಪೆಟ್ರೋಲೆಲ್ಲ ಉರಿದುಹೋಯಿತು. ಊರು ಕಣ್ಣಿಗೆ ಕಾಣುವಾಗ ಮೊಪೆಡ್ ನಿಂತಿತು. ಹೊತ್ತು ಇಳಿಯುತ್ತಿತ್ತು. ತಳ್ಳಿಕೊಂಡು ಹೋದರೆ ಆಗುವ ಕೆಲಸವಲ್ಲ. ಹಗ್ಗ ಬಿಚ್ಚಿ ಮೊಪೆಡ್ಡಿನ ಮುಂದಕ್ಕೆ ಕಟ್ಟಿ, ಎತ್ತನ್ನು ಮುಂದೆ ಬಿಟ್ಟು, ನಾನು ಸೀಟಿನ ಮೇಲೆ ಕುಳಿತೆ. ಅದು ಒಂದು ಮಾತೂ ಚೌಕಾಸಿ ಮಾಡದೆ ಎಳೆಯಿತು.

ದೀಪಕ್ಕೆ ಬತ್ತಿ ಹಾಕುತ್ತಿದ್ದ ಅವ್ವ ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿದಳು. ಆರತಿ ತಟ್ಟೆ ತಂದು ಎತ್ತಿಗೆ ಮಾತ್ರ ಬೆಳಗಿದಳು.

"ಎತ್ತ ತತ್ತೀನಿ ಅಂತ ಹೋದೆ. ಅದೇ ನಿನ್ನ ತಕಂಡ್ ಬಂದದೆ ಕಣ್ಲಾ," ಎಂದಳು.